ಕಪ್ಪು ಬಿಳಿ ಹಗ್ಗದ ಆಚೆ

ಆ ಬೆಳಗ್ಗೆ ಮೊದಲು ನಿಂತದ್ದು ಹಸುಗಳು. ಆಮೇಲೆ ನಾನು.

ಕಾಡಿನೊಳಗಿನ ಬಯಲಿಗೆ ಹೋಗುವ ದಾರಿಗೆ ಅಡ್ಡಲಾಗಿ ಒಂದು ಹಗ್ಗವಿತ್ತು. ಕಪ್ಪು ಉಣ್ಣೆಯನ್ನೂ ಬಿಳಿ ಉಣ್ಣೆಯನ್ನೂ ಕೂಡಿಸಿ ಹೊಸೆದ ಹಗ್ಗ. ಒಂದು ಅಕ್ರೋಟು ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ, ಮೊಣಕಾಲೆತ್ತರದಲ್ಲಿ ಬಯಲನ್ನೆಲ್ಲ ಸುತ್ತಿ ಬಂದಿತ್ತು. ಅದರ ಉದ್ದಕ್ಕೂ ಇಬ್ಬನಿ ಸಾಲುಗಟ್ಟಿ ಕೂತಿತ್ತು.

ನಮ್ಮ ಜಂಗಾಕ್-ಸಾಯ್‌ನಲ್ಲಿ ಆ ಹಗ್ಗ ಅಂದರೆ ಏನೆಂದು ಹಸುಗೂಸಿಗೂ ಗೊತ್ತು. ಪರರ ಸೊತ್ತು ಮುಟ್ಟದವನನ್ನು ಹೊಗಳಬೇಕಾದರೆ, ಅವನು ಯಾರ ಕಪ್ಪು ಬಿಳಿ ಹಗ್ಗವನ್ನೂ ದಾಟಿದವನಲ್ಲ ಅನ್ನುತ್ತೇವೆ. ಹಾಗಿದ್ದ ಮೇಲೆ ಆ ಹಗ್ಗವನ್ನು ತಂದು ನಾನು ದಿನಾ ನಡೆಯುವ ದಾರಿಗೇ ಕಟ್ಟಿದರೆ ಏನರ್ಥ? ನನ್ನನ್ನು ಕಳ್ಳಿ ಅಂದ ಹಾಗಲ್ಲವೆ?

ಕೂಗಿ ಕೇಳಿದೆ.

"ಯಾರ್ರೀ ಇಲ್ಲಿ ಹಗ್ಗ ಕಟ್ಟಿದ್ದು?"

ಹಗ್ಗದ ಆಚೆ, ಮರದ ಬೊಡ್ಡೆಯ ಮೇಲೆ ಕೂತು ರೊಟ್ಟಿ ಮುರಿಯುತ್ತಿದ್ದ ಒಬ್ಬ ಮನುಷ್ಯ ಎದ್ದು ನಿಂತ. ಎದೆಯ ಮೇಲೆ ಕೈಯಿಟ್ಟು ತಲೆ ಬಾಗಿಸಿದ. ಉದ್ದನೆಯ ಆಳು. ಬಿಳಿ ಉಣ್ಣೆ ಟೋಪಿಯ ಅಡಿಯಿಂದ ಒಂದು ಕಿವಿ ಮಾತ್ರ ಹೊರಗೆ ಬಾಗಿತ್ತು. ಕಾಡು ಕಾಯುವುದಕ್ಕೆ ಎರ್ಗೆಶ್ ಅಂತ ಹೊಸಬರು ಬಂದಿದ್ದಾರೆ ಎಂದು ಕೇಳಿದ್ದೆ, ನೋಡಿರಲಿಲ್ಲ.

"ನಾನೇ, ಅಕ್ಕಾ."

"ಯಾರು ಅಕ್ಕ? ನಿಮಗಿಂತ ಚಿಕ್ಕವಳು ನಾನು."

"ತಪ್ಪಾಯ್ತು, ತಂಗಿ."

"ತಂಗೀನೂ ಅಲ್ಲ!"

"ಹಾಗಾದ್ರೆ ಏನಂತ ಕರೀಲಿ?"

"ಕರೀಲೇಬೇಡಿ. ಹಗ್ಗ ಬಿಚ್ಚಿ, ಸಾಕು."

ಅವರು ಬಿಚ್ಚಲಿಲ್ಲ. ಬಗ್ಗಿ, ಕಾಲಬಳಿಯ ಹುಲ್ಲನ್ನು ಎರಡು ಕೈಯಿಂದ ಸರಿಸಿದರು. ಒಳಗೆ ಗೇಣುದ್ದದ ಒಂದು ಸಸಿ. ಎಲೆಯ ನರವೆಲ್ಲ ಕೆಂಪು, ಕಾಂಡವೂ ಕೆಂಪು. ಕೆಂಪು ಸೇಬು! ಸಿಪ್ಪೆ ಮಾತ್ರವಲ್ಲ, ಕಚ್ಚಿದರೆ ಒಳಗಿನ ತಿರುಳೂ ಕೆಂಪಿರುವ ನಮ್ಮ ಕಾಡಿನ ಹಣ್ಣು. ನಾನು ಹುಡುಗಿಯಾಗಿದ್ದಾಗ ಅದರ ಹೂವಿನಿಂದ ಗುಡ್ಡವೇ ನಾಚಿಕೊಂಡ ಹಾಗೆ ಕಾಣುತ್ತಿತ್ತು. ಆಮೇಲೆ ನಮ್ಮ ಹಳೆಯ ದೊಡ್ಡ ದೇಶ ಒಡೆದು ಹೋಳಾಯಿತು, ಕಲ್ಲಿದ್ದಲು ಬರುವುದು ನಿಂತಿತು, ಚಳಿಗಾಲಕ್ಕೆ ಎಲ್ಲರ ಒಲೆಗೂ ಕಾಡೇ ಹೋಯಿತು. ಆ ಬಯಲಿನಲ್ಲಿ ಉಳಿದಿದ್ದದ್ದು ಒಂದೇ ಮುದಿ ಮರ.

"ಇದರ ಮಕ್ಕಳು ಇವು," ಅಂದರು. "ಕಚೇರಿಯವರು ಸುತ್ತ ಮುಳ್ಳುತಂತಿ ಹಾಕು ಅಂದ್ರು. ತಂತಿ ಹಸುವಿನ ಕೆಚ್ಚಲು ಹರಿಯುತ್ತೆ, ಬೇಡ ಅಂದೆ. ಈ ಊರಿನವರಿಗೆ ಹಗ್ಗ ಸಾಕು ಅಂದೆ. ಮರ್ಯಾದೆಗೆ ಅಂತ ಕಟ್ಟಿದ್ದು."

"ಮರ್ಯಾದೆ! ನಮ್ಮ ಮನೆ ಬಾಗಿಲ ಮೇಲೆ ಕಳ್ಳರು ಅಂತ ಬರೆದ ಹಾಗಿದೆ."

ಅವರ ಕಿವಿ ಕೆಂಪಾಯಿತು.

"ಹಾಗೂ ಅರ್ಥ ಆಗುತ್ತೆ ಅಂತ ಹೊಳೀಲಿಲ್ಲ. ನಮ್ಮಜ್ಜಿ ಬೇರೆ ಥರ ಹೇಳೋರು. ದಾಟೋ ಜನ ಇರೋ ಕಡೆ ಯಾರೂ ಹಗ್ಗ ಕಟ್ಟಲ್ಲ, ಬೀಗ ಹಾಕ್ತಾರೆ ಅಂತ."

ಅಷ್ಟರಲ್ಲಿ ನಮ್ಮ ಕಾಷ್ಕಾ, ಹಣೆಯ ಮೇಲೆ ಬಿಳಿ ಪಟ್ಟೆಯಿರುವ ಹಸು, ಹಗ್ಗದ ಮೇಲಿಂದ ಕತ್ತು ಚಾಚಿ ಅವರ ಕೈಯ ರೊಟ್ಟಿಗೆ ನಾಲಿಗೆ ಹಾಕಿತು. ಅವರು ರೊಟ್ಟಿಯ ತುಂಡನ್ನು ಅಂಗೈಯಲ್ಲಿಟ್ಟು, "ತಗೊಳ್ಳಿ, ತಗೊಳ್ಳಿ," ಅಂದರು. ಹಸುವಿಗೆ ಬಹುವಚನ!

ನಗು ಬಂತು. ನುಂಗಿಕೊಂಡೆ.

"ಇವರಿಗೆ ಹಗ್ಗದ ಅರ್ಥ ಗೊತ್ತಿಲ್ಲ, ಹೊಟ್ಟೆ ಮಾತ್ರ ಗೊತ್ತು. ಈ ಬಯಲು ಬಿಟ್ರೆ ಎಲ್ಲಿ ಮೇಯಬೇಕು? ದಿನಾ ನೀವು ರೊಟ್ಟಿ ಹಾಕ್ತೀರಾ?"

ಹಸುಗಳನ್ನು ತಿರುಗಿಸಿಕೊಂಡು ಮನೆಗೆ ಬಂದೆ.

ಮನೆಯಲ್ಲಿ ಇದ್ದದ್ದು ಇಬ್ಬರೇ, ನಾನು ಮತ್ತು ನಮ್ಮತ್ತೆ ಐಮ್‌ಕಾನ್ ಅಪಾ. ಅಪಾ ಅಂದರೆ ನಮ್ಮಲ್ಲಿ ಅಮ್ಮ. ನನ್ನ ಗಂಡ ಕಣಿವೆಯ ದಾರಿಯಲ್ಲಿ ಹಿಮ ಜಾರಿ, ಲಾರಿಯ ಸಮೇತ ಹೋಗಿಬಿಟ್ಟಿದ್ದರು. ಆಮೇಲೆ ನಮ್ಮಿಬ್ಬರನ್ನು ಸಾಕಿದ್ದು ಹಸುಗಳು. ಕೆನೆ, ಬೆಣ್ಣೆ, ಒಣಗಿಸಿದ ಮೊಸರುಂಡೆ ಜಲಾಲಾಬಾದಿನ ಸಂತೆಗೆ ಹೋಗುತ್ತಿದ್ದವು. ಬಯಲು ಹೋದರೆ ಹಸುಗಳನ್ನು ಮಾರಬೇಕು. ಮಾರಿದರೆ ನಾನು ರಾಜಧಾನಿಯಲ್ಲಿ ಬಟ್ಟೆ ಹೊಲಿಯುವ ತಮ್ಮನ ಹತ್ತಿರ ಹೋಗಬೇಕು. ಅಪಾ ಈ ಊರಿನ ಮಣ್ಣು ಬಿಟ್ಟು ಬರುವವರಲ್ಲ. ಅವರನ್ನು ಬಿಟ್ಟು ಹೋಗುವ ಶಕ್ತಿ ನನಗಿರಲಿಲ್ಲ.

ನಡೆದದ್ದನ್ನು ಸಿಟ್ಟಿನಲ್ಲೇ ಹೇಳಿದೆ. ಅಪಾ ತಕಲಿ ತಿರುಗಿಸುತ್ತಾ ಕೇಳಿಸಿಕೊಂಡರು.

"ಹಗ್ಗ ಹೇಗಿತ್ತೇ?"

"ಹೇಗಿತ್ತು ಅಂದ್ರೆ?"

"ಹೊಸೆತ ಹೇಗಿತ್ತು ಅಂತ ಕೇಳ್ದೆ."

"ಅಲ್ಲೊಂದು ಗಂಟು, ಇಲ್ಲೊಂದು ಸಡಿಲು."

"ಹಾಗಾದ್ರೆ ತಾನೇ ಹೊಸೆದಿದ್ದಾನೆ ಪಾಪ. ಮನೇಲಿ ಹೆಂಗಸರಿಲ್ಲ. ಚಹಾಕ್ಕೆ ಕರಿ."

"ಅಪಾ!"

"ಬೈಬೇಕಾದ್ರೂ ಕೂರಿಸ್ಕೊಂಡು ಬೈಬೇಕು ಕಣೇ."

ಬಂದರು. ಬಾಗಿಲಲ್ಲಿ ಬೂಟು ಬಿಚ್ಚಿಟ್ಟರು. ಒಂದು ಕಾಲುಚೀಲದ ತುದಿಯಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಇನ್ನೊಂದು ಪಾದದ ಕೆಳಗೆ ಬಚ್ಚಿಟ್ಟುಕೊಂಡು ಕೂತರು. ನಾನು ನೋಡದ ಹಾಗೆ ನೋಡಿದೆ.

ನಮ್ಮಲ್ಲಿ ಬೇಕಾದವರಿಗೆ ಬಟ್ಟಲಲ್ಲಿ ಸ್ವಲ್ಪವೇ ಚಹಾ ಹಾಕುತ್ತಾರೆ. ಕುಡಿದು ಮತ್ತೆ ಚಾಚಲಿ, ಮತ್ತೆ ಹಾಕೋಣ, ಹೀಗೇ ಕೂತಿರಲಿ ಅಂತ. ತುಂಬಿ ಕೊಟ್ಟರೆ ಕುಡಿದು ಹೊರಡಿ ಅಂತ. ನಾನು ಅಂಚಿನವರೆಗೆ ತುಂಬಿ ಕೊಟ್ಟೆ, ತುಳುಕುವಷ್ಟು.

ಅವರು ಬಟ್ಟಲನ್ನು ನೋಡಿದರು. ನನ್ನನ್ನು ನೋಡಿದರು. ಅಷ್ಟು ಬಿಸಿ ಚಹಾವನ್ನು ಒಂದೇ ಸಲಕ್ಕೆ ಕುಡಿದು ಕೆಳಗಿಟ್ಟರು. ಕಣ್ಣಲ್ಲಿ ನೀರು ನಿಂತಿತ್ತು.

"ನಮ್ಮ ಬುರುಲ್ ಕೈ ಸ್ವಲ್ಪ ಭಾರ," ಅಂದರು ಅಪಾ.

"ತುಂಬಿದ್ರೂ ಚಹಾನೇ ಅಲ್ವಾ, ಅಪಾ," ಅಂದರು ಅವರು, ಸುಟ್ಟ ನಾಲಿಗೆಯಲ್ಲಿ. ಎದ್ದೂ ಬಿಟ್ಟರು.

"ಕೂತ್ಕೋ ಮಗಾ. ಒಂದು ಮಾತು ಕೇಳ್ತೀನಿ. ಹಸು ಒಳಗೆ ಬರಬಾರದು ಅಂತೀಯ. ಹುಲ್ಲು?"

"ಹುಲ್ಲು ಬೇಡವೇ ಬೇಡ. ಅದು ಸಸೀನ ಮುಚ್ಚಿ ಕೊಲ್ಲುತ್ತೆ. ನಾನೊಬ್ಬನೇ ಎಷ್ಟು ಅಂತ ಕೀಳಲಿ?"

"ಅಲ್ಲಿಗೆ ಜಗಳ ಮುಗೀತಲ್ಲೋ. ಹಸು ಹುಲ್ಲಿನ ಹತ್ರ ಹೋಗೋದು ಬೇಡ. ಹುಲ್ಲೇ ಹಸು ಹತ್ರ ಬರಲಿ."

"ಕೊಯ್ಯೋರು ಯಾರು, ಅಪಾ?" ಅಂದೆ ನಾನು.

ಅಪಾ ತಕಲಿ ನಿಲ್ಲಿಸಿ ನಮ್ಮಿಬ್ಬರನ್ನೂ ಒಂದೊಂದು ಸಲ ನೋಡಿದರು.

"ಕೈ ಇರೋರು."

ಹಾಗೆ ಆ ಬೇಸಿಗೆ ಶುರುವಾಯಿತು.

ಬೆಳಿಗ್ಗೆ ನಾನು ಹೋಗುವ ಹೊತ್ತಿಗೆ ಅವರು ಹಗ್ಗದ ಆಚೆ ಕಾಯುತ್ತಿದ್ದರು. ಒಂದು ಕೈಯಿಂದ ಹಗ್ಗವನ್ನು ಎತ್ತಿ ಹಿಡಿದು, "ಬನ್ನಿ," ಅನ್ನುತ್ತಿದ್ದರು. ನಾನು ತಲೆ ತಗ್ಗಿಸಿ ಅದರ ಕೆಳಗೆ ನುಸುಳುತ್ತಿದ್ದೆ. ದಾಟುವುದು ಸುಲಭವಿತ್ತು. ಒಂದು ದಿನವೂ ದಾಟಲಿಲ್ಲ. ಅವರು ಎತ್ತದೆ ನಾನು ಹೋಗಲಿಲ್ಲ, ನಾನು ಬಾರದೆ ಅವರು ಎತ್ತಲಿಲ್ಲ.

ಸಸಿಯ ಹತ್ತಿರ ದೊಡ್ಡ ಕುಡುಗೋಲು ಬೀಸುವ ಹಾಗಿಲ್ಲ. ಮಂಡಿಯೂರಿ, ಚಿಕ್ಕದರಲ್ಲಿ ಹಿಡಿ ಹಿಡಿಯಾಗಿ ಕೊಯ್ಯಬೇಕು. ಒಂದೊಂದು ಸಸಿಗೂ ಆ ಕಡೆಯಿಂದ ಒಬ್ಬರು, ಈ ಕಡೆಯಿಂದ ಒಬ್ಬರು. ಹುಲ್ಲು ತಗ್ಗುತ್ತಾ ಬಂದ ಹಾಗೆ ಮೊದಲು ಅವರ ಟೋಪಿ ಕಾಣುತ್ತಿತ್ತು. ಆಮೇಲೆ ಹುಬ್ಬು. ಆಮೇಲೆ ಕಣ್ಣು.

ಕಣ್ಣು ಕಂಡೊಡನೆ ಇಬ್ಬರೂ ಮುಂದಿನ ಸಸಿಗೆ ಹೋಗುತ್ತಿದ್ದೆವು.

"ಇದೇನು ಕೊಯ್ಲೋ, ಕುರಿ ಕಚ್ಚಿದ್ದೋ?" ನಾನು ಕೇಳುತ್ತಿದ್ದೆ. "ಇಲ್ಲೊಂದು ಜುಟ್ಟು ಬಿಟ್ಟಿದ್ದೀರಿ."

"ನೀವು ಬೈಯೋಕೆ ಏನಾದ್ರೂ ಇರಲಿ ಅಂತ ಬಿಟ್ಟೆ."

"ನನಗೆ ಬೈಯೋ ಚಟ ಅಂತೀರಾ?"

"ಅಯ್ಯೋ, ಇಲ್ಲ. ಬೈಸ್ಕೊಳ್ಳೋ ಚಟ ನನಗೆ."

ಪಕ್ಕದ ಮನೆಯ ಉಲ್ಜಾನಳ ಬಾಯಿ ಸುಮ್ಮನಿರುವ ಬಾಯಲ್ಲ. ನಾನು ಹುಲ್ಲಿನ ಹೊರೆ ಹೊತ್ತು ಬರುವಾಗ ಬೇಲಿಯ ಮೇಲಿಂದ ಕೂಗುತ್ತಿದ್ದಳು. "ಬುರುಲ್, ಈ ವರ್ಷ ನಿಮ್ಮ ಹಸುಗಳು ಹುಲ್ಲು ತಿಂತಾವೋ, ಮಾತು ತಿಂತಾವೋ?"

"ನಿನ್ನ ಕತ್ತೆಗೂ ಸ್ವಲ್ಪ ಕಳಿಸ್ತೀನಿ ಬಿಡೇ."

"ಬೇಡಮ್ಮ. ಅದು ಮದುವೆಯಾಗಿರೋ ಕತ್ತೆ."

ತುಳಿಯುವ ಗೊರಸಿಲ್ಲದೆ ಆ ಬಯಲಲ್ಲಿ ಹುಲ್ಲು ಎಂದೂ ಬೆಳೆಯದ ಹಾಗೆ ಬೆಳೆಯಿತು. ಕೊಯ್ದಲ್ಲಿ ಮತ್ತೆ ಚಿಗುರಿತು. ಹಸುಗಳು ಕೊಟ್ಟಿಗೆಯಲ್ಲಿ ನಿಂತೇ ಹೊಟ್ಟೆ ತುಂಬಿಸಿಕೊಂಡವು, ಅಟ್ಟದ ಮೇಲೆ ಒಣಹುಲ್ಲು ಸೂರಿಗೆ ತಾಗಿತು. ಸಸಿಗಳು ಬಿಸಿಲು ಕಂಡು ತಲೆ ಎತ್ತಿದವು. ಸಂಜೆಯ ಚಹಾಕ್ಕೆ ಎರ್ಗೆಶ್ ಬರುತ್ತಿದ್ದರು. ಯಾರು ಕರೆದರು, ಯಾವಾಗ ಕರೆದರು ಎಂದು ಯಾರೂ ಕೇಳಲಿಲ್ಲ. ಬಟ್ಟಲಲ್ಲಿ ಚಹಾ ಮೊದಲು ಮುಕ್ಕಾಲಾಯಿತು. ಹುಲ್ಲಿನ ಹೂವು ಉದುರುವ ಹೊತ್ತಿಗೆ ಅರ್ಧವಾಯಿತು. ನಾನಾಗಿ ಅಳೆದು ಹಾಕಿದ್ದಲ್ಲ, ಕೈಯೇ ಹಾಗೆ ನಿಲ್ಲುತ್ತಿತ್ತು. ಹರಿದ ಕಾಲುಚೀಲವನ್ನು ಅಪಾ ಒಂದು ದಿನ ಕೇಳದೆಯೇ ಕಿತ್ತುಕೊಂಡು ಹೊಲಿದು ಕೊಟ್ಟರು.

ಅವರು ಹೆಚ್ಚು ಮಾತಿನವರಲ್ಲ. ತಾಯಿ ಬಹಳ ಕಾಲ ಹಾಸಿಗೆ ಹಿಡಿದಿದ್ದರಂತೆ, ಅವರನ್ನು ನೋಡಿಕೊಳ್ಳುತ್ತಾ ಮದುವೆಯ ವಯಸ್ಸು ಸರಿದುಹೋಯಿತಂತೆ. ಅದನ್ನು ದುಃಖ ಅಂತ ಹೇಳಲಿಲ್ಲ. "ಅವರ ಕೊನೇ ತನಕ ಇದ್ದೆ. ಅಷ್ಟು ಸಿಕ್ತಲ್ಲ ನನಗೆ," ಅಂದರು. ಆ ಮಾತು ಕೇಳಿದ ಸಂಜೆ ನಾನು ಹಾಲು ಕರೆಯುತ್ತಾ ಕಾಷ್ಕಾನ ಪಕ್ಕೆಗೆ ಹಣೆ ಒತ್ತಿ ಬಹಳ ಹೊತ್ತು ಕೂತಿದ್ದೆ.

ಅಕ್ರೋಟು ಹಣ್ಣಾಗುವುದಕ್ಕೆ ಮುಂಚೆ ಅರಣ್ಯ ಕಚೇರಿಯ ಮುಖ್ಯಸ್ಥರು ಕುದುರೆಯ ಮೇಲೆ ಬಂದರು. ಹಿಂದೆ ಒಂದು ಗಾಡಿ, ಗಾಡಿಯಲ್ಲಿ ಮುಳ್ಳುತಂತಿಯ ಸುರುಳಿಗಳು. ಅವುಗಳನ್ನು ದಾರಿಯ ಪಕ್ಕದಲ್ಲಿ ಇಳಿಸಿದರು.

"ಬೇಸಿಗೇಲಿ ಹಗ್ಗ ಸಾಕಾಯ್ತು, ಒಪ್ದೆ," ಅಂದರು. "ಇನ್ನು ಸುಗ್ಗಿ. ಊರಿಗೆ ಊರೇ ಕಾಡೊಳಗೆ ಬರುತ್ತೆ. ಕುದುರೆ, ಕತ್ತೆ, ಮಕ್ಕಳು, ಮರಿ. ಹಗ್ಗ ಬೇಲಿ ಅಲ್ಲ, ಎರ್ಗೆಶ್. ಸುಗ್ಗಿ ಮುಗಿದ ಮೇಲೆ ಬರ್ತೀನಿ. ಒಂದು ಸಸಿ ಮುರಿದಿದ್ರೂ ಈ ಇಳಿಜಾರಿಗೆಲ್ಲ ತಂತಿ ಬೀಳುತ್ತೆ, ಒಂದು ಹಸುವೂ ಇತ್ತ ಸುಳಿಯೋ ಹಾಗಿಲ್ಲ. ನಿನಗೂ ಬೇರೆ ಕಾಡು ನೋಡ್ತೀನಿ. ಸುಗ್ಗಿ ಹೊತ್ತಲ್ಲಿ ನೀನು ಮೇಲಿನ ಗುಡ್ಡ ಕಾಯಿ. ಇಲ್ಲಿ ನಿಂತು ಹೆದರಿಸಿದ್ರೆ ಅದು ಹಗ್ಗದ ಪರೀಕ್ಷೆ ಆಗಲ್ಲ."

ಆ ಸಂಜೆ ಚಹಾ ಹಾಕುವಾಗ ನನ್ನ ಗಮನ ದಾರಿಯ ಪಕ್ಕದ ತಂತಿಯ ಮೇಲಿತ್ತು. ಬಟ್ಟಲು ಅಂಚಿನವರೆಗೆ ತುಂಬಿಹೋಯಿತು.

ಅವರು ನೋಡಿದರು.

"ಹೋಗಿ ಅಂತೀರಾ?"

"ಕೈ ತಪ್ಪಿತು."

"ನಿಜವಾಗಿ?"

ಬಟ್ಟಲನ್ನು ಅವರ ಮುಂದಿನಿಂದ ಎತ್ತಿಕೊಂಡೆ. ನಾನೇ ಕುಡಿದೆ, ತಳದಲ್ಲಿ ಒಂದು ಗುಟುಕು ಉಳಿಯುವವರೆಗೆ. ಉಳಿದದ್ದನ್ನು ಅವರ ಕೈಗೆ ಕೊಟ್ಟೆ. ಅವರು ಬಟ್ಟಲನ್ನು ತಿರುಗಿಸಲಿಲ್ಲ. ನನ್ನ ತುಟಿ ತಾಗಿದ್ದ ಕಡೆಯಿಂದಲೇ ಕುಡಿದರು.

ಅಪಾ ಗೋಡೆಯನ್ನು ನೋಡುತ್ತಾ ತಕಲಿ ತಿರುಗಿಸುತ್ತಿದ್ದರು. ನೂಲು ಯಾವಾಗಲೋ ಮುಗಿದಿತ್ತು.

ಆ ವರ್ಷದ ಸುಗ್ಗಿ ಬಡವಾಗಿತ್ತು. ವಸಂತದಲ್ಲಿ ಬಿದ್ದ ಮಂಜು ಹೂವನ್ನು ಸುಟ್ಟುಬಿಟ್ಟಿತ್ತು. ಒಂದೊಂದು ಕಾಯಿಯೂ ಸಂತೆಯಲ್ಲಿ ಹಿಟ್ಟಾಗಬೇಕು, ಮಕ್ಕಳ ಬೂಟಾಗಬೇಕು. ಆದರೂ ಊರು ಎಂದಿನಂತೆ ಕುರಿ ಕೊಯ್ದು, ಪ್ರಾರ್ಥನೆ ಮಾಡಿ ಕಾಡಿಗೆ ಬಂದು ಡೇರೆ ಹಾಕಿತು. ಗಂಡಸರು ಮರ ಹತ್ತಿ ಕೊಂಬೆ ಅಲ್ಲಾಡಿಸಿದರು, ನಾವು ಕೆಳಗೆ ಆರಿಸಿದೆವು. ಹಸಿ ಸಿಪ್ಪೆಯ ರಸದಿಂದ ಎಲ್ಲರ ಕೈಯೂ ಕಪ್ಪಾಯಿತು. ಆ ಕಪ್ಪು ಸೋಪಿಗೆ ಹೋಗುವುದಿಲ್ಲ, ಹಿಮ ಬೀಳುವವರೆಗೂ ಇರುತ್ತದೆ.

ನಮ್ಮ ಪಾಲಿನ ಮರ ಬಯಲಿನ ಅಂಚಿನಲ್ಲಿತ್ತು, ಹಗ್ಗದ ಮೇಲಿಂದ ಒಳಕ್ಕೆ ವಾಲಿ. ಅದರ ಅರ್ಧ ಕಾಯಿ ಈಚೆ ಬಿತ್ತು, ಅರ್ಧ ಆಚೆ. ಈಚೆಯದನ್ನು ಆರಿಸಿದೆ. ಆಚೆ ಹುಲ್ಲಿನಲ್ಲಿ ಕಾಯಿಗಳು ಸಿಪ್ಪೆ ಬಿರಿದು ಹೊಳೆಯುತ್ತಿದ್ದವು. ಕೈ ಚಾಚಿದರೆ ಸಿಗುವಷ್ಟು ಹತ್ತಿರ. ಮರ ನಮ್ಮದು, ಕಾಯಿ ನಮ್ಮದು. ಹಗ್ಗ ನಮ್ಮದಲ್ಲ. ಎತ್ತಿ ಹಿಡಿಯುವವರು ಗುಡ್ಡದ ಮೇಲಿದ್ದರು.

ಬುಟ್ಟಿ ಎತ್ತಿಕೊಂಡು ಬೇರೆ ಕಡೆ ಹೋದೆ.

ನಾನು ಬಿಟ್ಟೆ, ಸರಿ. ಊರು ಬಿಡುತ್ತದೆಯೆ? ಮನೆಯಲ್ಲಿ ಹಸಿದ ಮಕ್ಕಳಿರುವವರು ಬಿಡುತ್ತಾರೆಯೆ? ಪ್ರತಿ ಬೆಳಿಗ್ಗೆ ಎದೆ ಹಿಡಿದುಕೊಂಡೇ ಆ ಕಡೆ ನೋಡುತ್ತಿದ್ದೆ. ಜನ ಹಗ್ಗದ ಪಕ್ಕದಲ್ಲೇ ಮೂಟೆ ಹೊತ್ತು ನಡೆದರು, ಸುತ್ತು ಬಳಸಿ ನಡೆದರು. ಕಾಯಿಗಳು ಬಿದ್ದಲ್ಲೇ ಇದ್ದವು.

ಒಂದು ಮಧ್ಯಾಹ್ನ ಮಾತ್ರ ಉಲ್ಜಾನಳ ಕತ್ತೆ ಕಟ್ಟು ಬಿಚ್ಚಿಕೊಂಡು ಓಡಿತು. ಮುಂಗಾಲೆರಡೂ ಹಗ್ಗದ ಆಚೆ ಹೋಗಿಬಿಟ್ಟವು. ಉಲ್ಜಾನ್ ಬಾಲ ಹಿಡಿದು ಜೋತುಬಿದ್ದಳು.

"ಬನ್ರೇ! ನಮ್ಮ ವಂಶದ ಮಾನ ಹೋಗ್ತಿದೆ, ಬನ್ರೇ!"

ಸುತ್ತಲಿದ್ದ ಹೆಂಗಸರೆಲ್ಲ ಓಡಿ ಬಂದು ಕತ್ತೆಯನ್ನು ಹಿಂದಕ್ಕೆ ಎಳೆದೆವು. ಅದು ಗೋಳೋ ಎಂದು ಕೂಗಿತು, ನಾವು ನಕ್ಕು ನಕ್ಕು ಹುಲ್ಲಿನ ಮೇಲೆ ಬಿದ್ದೆವು. ಉಲ್ಜಾನ್ ಎದ್ದು, ಹಗ್ಗ ನೇರವಾಗಿದೆಯೇ ಎಂದು ನೋಡಿ, ತಲೆವಸ್ತ್ರ ಸರಿಮಾಡಿಕೊಂಡು ನನ್ನ ಕಿವಿಯಲ್ಲಿ ಹೇಳಿದಳು: "ನಿನ್ನ ಎರ್ಗೆಶ್‌ಗೆ ಹೇಳು, ಅವನ ಉದ್ಯೋಗ ಉಳಿಸಿದ್ದು ನಾನು ಅಂತ. ಮದುವೇಲಿ ಮುಖ್ಯರಿಗೆ ಬಡಿಸೋ ಕುರಿಯ ಬಾಲದ ಕೊಬ್ಬು ನನ್ನ ತಟ್ಟೆಗೇ ಬೀಳಬೇಕು."

ಸುಗ್ಗಿ ಮುಗಿಯಿತು, ಡೇರೆ ಕಿತ್ತೆವು. ಶಿಖರದ ಬಿಳಿ ಕೆಳಗಿಳಿಯತೊಡಗಿತು. ಮುಖ್ಯಸ್ಥರು ಬಂದರು. ಊರಿನ ಅರ್ಧ ಜನ ಹಿಂದೆ ಬಂದು ನಿಂತಿದ್ದೆವು.

ಅವರು ಸಸಿಗಳನ್ನು ನೋಡುವುದಕ್ಕೆ ಮುಂಚೆ ನೆಲ ನೋಡಿದರು. ನಮ್ಮ ಮರದ ಕೆಳಗೆ, ಹಗ್ಗದ ಒಳಗೆ, ಹುಲ್ಲಿನ ಮೇಲೆಲ್ಲ ಅಕ್ರೋಟು ಬಿದ್ದಿತ್ತು. ಸಿಪ್ಪೆ ಕಪ್ಪಾಗಿ ಕಳಚಿ, ಹಕ್ಕಿಗಳು ಕುಟುಕಿದಷ್ಟು ಬಿಟ್ಟು ಮಿಕ್ಕದ್ದೆಲ್ಲ ಹಾಗೇ.

"ಇದು ಯಾರ ಮರ?"

"ನಮ್ಮದು," ಅಂದೆ.

"ಇಂಥಾ ವರ್ಷ, ಕಾಯಿ ಯಾಕೆ ಆರಿಸ್ಲಿಲ್ಲ?"

"ಹಗ್ಗದ ಆಚೆ ಇವೆಯಲ್ಲ."

ಅವರು ಕುದುರೆಯಿಂದ ಇಳಿದು ಟೋಪಿ ತೆಗೆದರು, ಮತ್ತೆ ಹಾಕಿಕೊಂಡರು. ಸಸಿಗಳನ್ನು ನೋಡುತ್ತಾ ಬಯಲನ್ನು ಪೂರ್ತಿ ಸುತ್ತಿ ಬಂದರು, ಹಗ್ಗದ ಹೊರಗಿನಿಂದಲೇ. ಅವರೂ ನಮ್ಮಂಥ ಒಬ್ಬ ತಾಯಿಯ ಮಗ.

"ತಂತಿ ಗಾಡಿಗೆ ಹಾಕಿ," ಅಂದರು.

ಎಲ್ಲರೂ ಹೋದ ಮೇಲೆ ಎರ್ಗೆಶ್ ಗುಡ್ಡದಿಂದ ಇಳಿದು ಬಂದರು. ಮುಖ ಬಿಸಿಲಿಗೆ ಸುಟ್ಟಿತ್ತು, ಕೈ ಮಣಿಕಟ್ಟಿನವರೆಗೆ ಕಪ್ಪು. ನನ್ನ ಕೈಯೂ ಹಾಗೇ ಇತ್ತು. ಹಗ್ಗವನ್ನು ಎತ್ತಿ ಹಿಡಿದರು.

"ಬನ್ನಿ. ನಿಮ್ಮ ಕಾಯಿ ನಿಮಗಾಗಿ ಕಾಯ್ತಿವೆ."

ನುಸುಳಿ ಒಳಗೆ ಹೋದೆ. ಇಬ್ಬರೂ ಮಂಡಿಯೂರಿ ಆರಿಸತೊಡಗಿದೆವು. ಈ ಸಲ ನಡುವೆ ಎತ್ತರದ ಹುಲ್ಲಿರಲಿಲ್ಲ. ಕಣ್ಣು ತಪ್ಪಿಸುವುದಕ್ಕೆ ಜಾಗವಿರಲಿಲ್ಲ.

"ಬುರುಲ್."

ಮೊದಲ ಸಲ ಹೆಸರು ಹಿಡಿದದ್ದು.

"ನಿಮ್ಮ ಸುತ್ತಾನೂ ಒಂದು ಹಗ್ಗ ಇದೆ. ಬೇಸಿಗೆ ಪೂರ್ತಿ ಅದರ ಈಚೆ ನಿಂತಿದ್ದೆ. ನಾನಾಗಿ ದಾಟಲ್ಲ. ನೀವು ಎತ್ತಿದ್ರೆ ಬರ್ತೀನಿ. ಎತ್ತದೇ ಇದ್ರೂ ಹುಲ್ಲು ಕೊಯ್ದು ಕೊಡ್ತೀನಿ, ಅದಕ್ಕೇನೂ ತೊಂದರೆ ಇಲ್ಲ."

ಕೈಯಲ್ಲಿದ್ದ ಕಾಯಿಯನ್ನು ಅವರ ಬುಟ್ಟಿಗೆ ಹಾಕಿದೆ.

"ನನ್ನ ಮನಸ್ಸು ಯಾವತ್ತೋ ಎತ್ತಿದೆ. ಆದ್ರೆ ಆ ಹಗ್ಗದ ಇನ್ನೊಂದು ತುದಿ ಅಪಾ ಕೈಲಿದೆ. ಅವರನ್ನ ಬಿಟ್ಟು ನಾನು ಎಲ್ಲಿಗೂ ಬರಲ್ಲ."

"ಬಿಟ್ಟು ಬನ್ನಿ ಅಂತ ಯಾರು ಹೇಳಿದ್ರು?"

ಮನೆಗೆ ಬಂದೆವು. ಎರ್ಗೆಶ್ ಅಪಾ ಅವರ ಮುಂದೆ ಮಂಡಿಯೂರಿ ಕೂತರು. ಕಿವಿ ಮಾತ್ರ ಕೆಂಪಾಗುತ್ತಾ ಹೋಯಿತು.

"ಚಹಾ ಹಾಕೇ," ಅಂದರು ಅಪಾ.

ಹಾಕಿದೆ. ಅಪಾ ಬಟ್ಟಲನ್ನು ತಮ್ಮ ಕೈಗೆ ತೆಗೆದುಕೊಂಡು ಒಳಗೆ ಇಣುಕಿದರು. ತಳವಷ್ಟೇ ಒದ್ದೆಯಾಗಿತ್ತು.

"ಇಷ್ಟೇನಾ? ಹಾಗಾದ್ರೆ ಇವನು ಜೀವ ಇರೋವರೆಗೂ ಇಲ್ಲೇ ಕೂತಿರಬೇಕಾಗುತ್ತೆ."

ನಗುತ್ತಲೇ ಹೇಳಿದರು. ಆಮೇಲೆ ಎದ್ದು ಪೆಟ್ಟಿಗೆ ತೆರೆದು ಒಂದು ಜೊತೆ ಬೆಳ್ಳಿಯ ಓಲೆ ತಂದರು. ಗಂಡಿನ ತಾಯಿ ಹೆಣ್ಣಿನ ಕಿವಿಗೆ ಓಲೆ ಹಾಕಿದರೆ ನಮ್ಮಲ್ಲಿ ಮಾತು ನಿಶ್ಚಯವಾದ ಹಾಗೆ. ಒಮ್ಮೆ ನನಗೆ ಅವನ್ನು ಹಾಕಿದವರು ಅವರೇ. ಗಂಡ ಹೋದ ದಿನ ನಾನು ಬಿಚ್ಚಿಟ್ಟಿದ್ದೆ.

"ಇವನಿಗೆ ತಾಯಿ ಇಲ್ಲ, ನನಗೆ ಮಗ ಇಲ್ಲ," ಅಂದರು. ನನ್ನ ಕಿವಿಯ ತೂತು ಹುಡುಕುವುದಕ್ಕೆ ಹೊತ್ತು ಹಿಡಿಯಿತು. "ಸೊಸೆಯಾಗಿ ತಂದಿದ್ದೆ. ಮಗಳಾಗಿ ಕೊಡ್ತಿದ್ದೀನಿ. ದೂರ ಮಾತ್ರ ಕೊಡಲ್ಲ."

ಅವರ ಅಂಗೈಗೆ ಮುಖವಿಟ್ಟು ಅತ್ತುಬಿಟ್ಟೆ. ಆ ಕೈಯಿಂದ ಉಣ್ಣೆಯ ವಾಸನೆ ಬರುತ್ತಿತ್ತು.

ಮದುವೆಯ ಮೇಲೆ ಎರ್ಗೆಶ್ ತಮ್ಮ ಗಂಟು ಮೂಟೆ ತಂದು ನಮ್ಮ ಮನೆಗೇ ಬಂದರು. ಊರು ಬಿಡುತ್ತದೆಯೆ? "ಮನೆ ಅಳಿಯ, ಮನೆ ಅಳಿಯ," ಎಂದು ಉಲ್ಜಾನ್ ಬೇಲಿಯ ಮೇಲಿಂದ ಹಾಡಿದಳು.

"ಹೌದಕ್ಕಾ," ಅಂದರು ಅವರು. "ಕಾಷ್ಕಾನ ಹತ್ರಾನೂ ಒಪ್ಪಿಗೆ ತಗೊಂಡಿದ್ದೀನಿ."

ಊರಿನವರು ಬೇರೆ ಬೇರೆ ಬಯಲುಗಳಿಗೂ ಹಗ್ಗ ಕಟ್ಟಿದರು. ಮುದಿ ಮರದ ಮಕ್ಕಳು ಎಲ್ಲ ಕಡೆ ಹರಡಿದವು. ಕಾಯಿ ಬಿಡುವ ಹೊತ್ತಿಗೆ ನಮ್ಮ ಕೆನೆಯ ಪಕ್ಕದಲ್ಲಿ ಕೆಂಪು ಸೇಬಿನ ಒಣ ಹೋಳುಗಳೂ ಸಂತೆಗೆ ಹೋದವು. ಹಣ್ಣು ನಮಗೆ, ಬೀಜ ಕಾಡಿಗೆ. ಅದು ನಾವೇ ಮಾಡಿಕೊಂಡ ಕಟ್ಟಳೆ. ಹೋಳು ಮಾಡುವ ದಿನಗಳಲ್ಲಿ ಮನೆ ಮನೆಯ ಹೆಂಗಸರ ಬೆರಳೂ ಕೆಂಪು.

ಮಗಳು ನಾವು ಆಸೆ ಬಿಟ್ಟ ಮೇಲೆ ಬಂದಳು. ಆಗ ನಮ್ಮ ಬಯಲಿನ ಮರಗಳು ಹಸುವಿನ ಬಾಯಿಗೆ ಎಟುಕದಷ್ಟು ಬೆಳೆದಿದ್ದವು. ಮಗು ಎದ್ದು ನಿಲ್ಲತೊಡಗಿದ ವಸಂತದಲ್ಲಿ ಎರ್ಗೆಶ್ ಆ ಹಗ್ಗವನ್ನು ಬಿಚ್ಚಿ ತಂದರು. ಹೆಜ್ಜೆ ಇಡತೊಡಗಿದ ಮಗು ಎಡವದೆ ನಡೆಯಲಿ ಅಂತ ನಮ್ಮಲ್ಲಿ ಅದರ ಕಾಲಿಗೆ ಕಪ್ಪು ಬಿಳಿ ನೂಲು ಕಟ್ಟಿ ಕತ್ತರಿಸುತ್ತಾರಲ್ಲ, ಅದಕ್ಕೆ ಅಪಾ ಆ ಹಗ್ಗದಿಂದಲೇ ಒಂದು ಎಳೆ ತೆಗೆದರು.

"ಹೊಸೆತ ಇವತ್ತಿಗೂ ಸಡಿಲವೇ," ಅಂದರು. "ಆದ್ರೂ ಹಿಡಿದುಕೊಂಡಿತು ನೋಡು."

ಎಳೆ ಕತ್ತರಿಸಿದರು. ಮಗಳು ಎರ್ಗೆಶ್‌ರ ಬೆರಳು ಹಿಡಿದು ತಡವರಿಸುತ್ತಾ ಬಯಲಿನ ಕಡೆ ಹೊರಟಳು. ಅಂದು ಹಸುಗಳನ್ನೂ ಹೊಡೆದುಕೊಂಡು ಹೋದೆವು. ಸೇಬಿನ ಮರಗಳೆಲ್ಲ ಹೂ ಬಿಟ್ಟಿದ್ದವು, ಗುಡ್ಡ ಮತ್ತೆ ನಾಚಿಕೊಂಡಿತ್ತು.

ಕಾಷ್ಕಾಗೆ ವಯಸ್ಸಾಗಿತ್ತು. ಎಲ್ಲಕ್ಕಿಂತ ಮುಂದೆ ನಡೆದು ಬಂದದ್ದು, ಹಗ್ಗವಿದ್ದ ಜಾಗಕ್ಕೆ ಬಂದು ನಿಂತುಬಿಟ್ಟಿತು. ಅಲ್ಲಿ ಈಗ ಏನೂ ಇರಲಿಲ್ಲ, ಬರೀ ಹುಲ್ಲು. ಆದರೂ ಕಾಲೆತ್ತಲಿಲ್ಲ. ಅದರ ಹಿಂದೆ ಮಿಕ್ಕವೂ ನಿಂತವು.

ಎರ್ಗೆಶ್ ಆಚೆ ಹೋಗಿ ತಿರುಗಿ ನಿಂತರು. ಒಂದು ಕೈಯಲ್ಲಿ ಮಗಳನ್ನು ಎತ್ತಿಕೊಂಡು, ಇನ್ನೊಂದನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿದರು.

"ಬನ್ನಿ," ಅಂದರು. "ನಿಮ್ಮದೇ."

ಹಸುವಿಗೆ ಹೇಳಿದರೋ, ನನಗೋ. ಇಬ್ಬರೂ ಹೋದೆವು.